ಮಾಡೋಣ ಸಾಹೇಬರ ಕಲ್ಲು

ಕಲ್ಲಿನ ಅಂಗಡಿ, ಹಿಂದಿನ ಶೆಡ್ಡು
ತಾರೀಕು ೧೧, ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಆ ಪ್ರಚಾರದ ವ್ಯಾನಿನಲ್ಲೇ ಬಿಸ್ಕತ್ತು ತಿಂದು ನೀರು ಕುಡಿದು ದಿನ ದೂಡುತ್ತಿದ್ದೀಯೋ? ಹೋದ ಸಲ ಬಂದಾಗ ನಿನ್ನ ಗಂಟಲು ಕಟ್ಟಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಅಂದಿದ್ದೆ. ನೀನು ಮುಕ್ಕಳಿಸಿರುವುದಿಲ್ಲ, ನನಗೆ ಗೊತ್ತು. ನನ್ನ ಜ್ವರ ಬಿಟ್ಟಿದೆ. ಬಲಗೈ ಮೊಣಕೈ ನೋವು ಹಾಗೇ ಇದೆ. ಅದು ಉಳಿಯ ಜೊತೆ ಬಂದದ್ದು, ಉಳಿಯ ಜೊತೆಗೇ ಹೋಗಬೇಕು. ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಯಾರೋ ಎತ್ತಿ "ಸರ್ ಮೀಟಿಂಗಲ್ಲಿದ್ದಾರೆ" ಅಂದರು. ನಾನು ಹೆತ್ತದ್ದು ಮಗನನ್ನು, ಈ ಸರ್ ಯಾವಾಗ ಹುಟ್ಟಿದನೋ ತಿಳಿಯಲಿಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರಕ್ಕೆ ಮೀಟಿಂಗ್ ಮುಗಿಯುವ ತನಕ ಕಾಯುವ ತಾಳ್ಮೆ ಇರುತ್ತದೆ.

ನೀನು ಕಳಿಸಿದ ಕಾಗದ ಮಂಗಳವಾರ ಬಂತು. ಮೇಲೆ ಹಳದಿ ಚೀಟಿ ಅಂಟಿಸಿದ್ದೀಯ, "ಸಹಿ ಮಾಡಿ ತಕ್ಷಣ ಕಳುಹಿಸುವುದು" ಅಂತ. "ಅಮ್ಮ" ಅಂತ ಒಂದು ಮಾತು ಸೇರಿಸಿದ್ದರೆ ಚೀಟಿಗೇನೂ ಭಾರವಾಗುತ್ತಿರಲಿಲ್ಲ. ಕಾಗದದಲ್ಲಿ ಬರೆದಿರುವುದು ಇಷ್ಟು: ನನ್ನ ತಮ್ಮ, ಅಂದರೆ ನಿನ್ನ ಮಾವ, ಅಡಿಗಲ್ಲಿನ ಎರಡೂ ಬದಿಯನ್ನು ಓದಿ, ತಿಳಿದು, ಬೇಕೆಂದೇ ತಪ್ಪು ಬದಿಯನ್ನು ಹೊರಗೆ ಮಾಡಿ ಕೂರಿಸಿದ್ದನ್ನು ನಾನು ಬಲ್ಲೆ. ಇದರ ಕೆಳಗೆ ನಾನು ಸಹಿ ಹಾಕಬೇಕು. ಹಾಕಿದರೆ ನಗರಸಭೆಯಲ್ಲಿ ಇಪ್ಪತ್ತಾರು ವರ್ಷ ಗಾರೆ ಕೆಲಸ ಮಾಡಿದ ಅವನನ್ನು ಸೋಮವಾರದ ವಿಚಾರಣೆಯಲ್ಲಿ ಕೆಲಸದಿಂದ ತೆಗೆಯುತ್ತಾರೆ. ಈಗಾಗಲೇ ಹನ್ನೆರಡು ದಿನದಿಂದ ಅಮಾನತಿನಲ್ಲಿ ಮನೆಯಲ್ಲಿ ಕೂತಿದ್ದಾನೆ. ಕೂತು ಅಭ್ಯಾಸವಿಲ್ಲದವನು. ನನ್ನ ಅಂಗಡಿಯ ಗೋಡೆಗೆ ಬೇಡಬೇಡವೆಂದರೂ ಎರಡು ಸಲ ಗಿಲಾವು ಮಾಡಿದ. ನಡೆದ ಸಂಗತಿಯ ಎದುರೇ ನೀನು ನಿಂತಿದ್ದೆ. ಆದರೂ ನಿನ್ನ ಕಾಗದ ಓದಿದರೆ ಅದೆಲ್ಲ ಬೇರೆ ಯಾವುದೋ ಊರಿನಲ್ಲಿ ಬೇರೆ ಯಾರಿಗೋ ಆದ ಹಾಗಿದೆ. ಅದಕ್ಕೆ ಮೊದಲಿಂದ ಬರೆಯುತ್ತೇನೆ. ಪೂರ್ತಿ ಓದು.

ಹೊಳೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಆಸ್ಪತ್ರೆ. ನಡುವೆ ಒಂದು ಕಾಲುಸೇತುವೆ ಬೇಕು ಅಂತ ಜನ ಕೇಳಿದ್ದು, "ಮಾಡೋಣ" ಅಂತ ನಿಮ್ಮ ಸಾಹೇಬರು ಅಂದದ್ದು ಹದಿನೈದು ವರ್ಷದ ಕೆಳಗೆ. ಯಾರು ಏನು ಕೇಳಿದರೂ "ಮಾಡೋಣ, ಮಾಡೋಣ" ಅಂದೂ ಅಂದೂ ಅವರಿಗೆ ಮಾಡೋಣ ಸಾಹೇಬರು ಅಂತಲೇ ಹೆಸರು ಬಿತ್ತು. ಅವರ ಹೆಂಡತಿ ಕೂಡ ಹಾಗೇ ಕರೆಯುತ್ತಾರಂತೆ. ಆಗ ಅವರು ಬೇರೆ ಪಕ್ಷದಲ್ಲಿದ್ದರು. ಆಮೇಲೆ ಎದುರು ಪಕ್ಷದ ಆ ದಪ್ಪ ಕನ್ನಡಕದವರು ಗೆದ್ದರು, ಅದೇ ಜಾಗದಲ್ಲಿ ಅವರೂ ಒಂದು ಅಡಿಗಲ್ಲು ಹಾಕಿದರು. ಅವರ ನಂತರ ಬಂದವರು ಇನ್ನೊಂದು. ಈಗ ಮತ್ತೆ ಮಾಡೋಣ ಸಾಹೇಬರು, ಹೊಸ ಪಕ್ಷ, ಹಳೇ ಹೊಳೆ. ನಾಲ್ಕು ಅಡಿಗಲ್ಲು ಬಿದ್ದವು, ಸೇತುವೆಯ ಒಂದು ಕಂಬ ಏಳಲಿಲ್ಲ. ಆ ಕಲ್ಲುಗಳನ್ನೇ ನೀರಿನಲ್ಲಿ ಒಂದರ ಮುಂದೆ ಒಂದು ಇಟ್ಟಿದ್ದರೆ ಇಷ್ಟು ಹೊತ್ತಿಗೆ ಜನ ಅರ್ಧ ಹೊಳೆ ದಾಟಿರುತ್ತಿದ್ದರು. ನಾಲ್ಕೂ ನಮ್ಮ ಅಂಗಡಿಯಲ್ಲೇ ಕೆತ್ತಿದ್ದು. ಮೂಗಿಗೆ ತುಪ್ಪ ಸವರುವವರು ಅವರು, ಸವರುವ ಕಡ್ಡಿ ಮಾಡಿಕೊಟ್ಟವರು ನಾವು. ಅದನ್ನು ನಾನು ಅಲ್ಲ ಅನ್ನುವುದಿಲ್ಲ.

ಮೊದಲನೆಯ ಕಲ್ಲನ್ನು ಕೆತ್ತಿದ್ದು ನಿನ್ನ ಅಪ್ಪ. ಕಡುಕಪ್ಪು ಕಲ್ಲು, ಒಂದು ಗೆರೆ ದೋಷವಿಲ್ಲ. ಕೊನೆಯ ಸಾಲನ್ನು ಸಾಹೇಬರೇ ಇಲ್ಲಿಗೆ ಬಂದು ನಿಂತು ಹೇಳಿ ಬರೆಸಿದ್ದರು: "ಹನ್ನೆರಡು ತಿಂಗಳೊಳಗೆ ಸಾರ್ವಜನಿಕರ ಸೇವೆಗೆ ಸಿದ್ಧವಾಗುವುದು." ಅಪ್ಪ ಅವರ ಮುಖ ನೋಡಿ, "ಕಲ್ಲಲ್ಲಿ ಬರೆದ್ರೆ ಅಳಿಸೋಕಾಗಲ್ಲ ಸಾಹೇಬ್ರೆ" ಅಂದಿದ್ದರು. ಅವರು ನಕ್ಕು ಅಪ್ಪನ ಬೆನ್ನು ತಟ್ಟಿದರು. ಮುಂದೆ ರಸ್ತೆ ಅಗಲ ಮಾಡುವಾಗ ಆ ಕಟ್ಟೆ ಒಡೆದರು, ನಿನ್ನ ಮಾವ ಕಲ್ಲನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದು ಇಲ್ಲಿ ಗೋಡೆಗೆ ಒರಗಿಸಿದ. ನಮ್ಮ ಕಸುಬಿನಲ್ಲಿ ಒಳ್ಳೆಯ ಕಲ್ಲನ್ನು ಯಾರೂ ಎಸೆಯುವುದಿಲ್ಲ. ಹಿಂಬದಿಯನ್ನು ಉಜ್ಜಿ ನಯ ಮಾಡಿ, ಅಲ್ಲಿ ಹೊಸದಾಗಿ ಕೆತ್ತುತ್ತೇವೆ. ಹಳೇ ಬದಿಗೆ ಸಿಮೆಂಟು ಬಳಿದು, ಉಳಿಯಿಂದ ಒಂದು ಗುಣಿಸು ಗುರುತು ಹಾಕುತ್ತೇವೆ. ಗುರುತು ಇದ್ದ ಬದಿ ಗೋಡೆಗೆ, ಬಣ್ಣ ತುಂಬಿದ ಬದಿ ಜನಕ್ಕೆ. ಇದು ನಿನ್ನ ಅಜ್ಜನ ಕಾಲದಿಂದ ಬಂದ ರೂಢಿ. ನಿನ್ನ ಮಾವ ಸಾವಿರ ಕಲ್ಲು ಕೂರಿಸಿದ್ದು ಇದೇ ಲೆಕ್ಕದಲ್ಲಿ, ಒಂದೂ ತಪ್ಪಿರಲಿಲ್ಲ.

ಈ ಸಲ ಏನಾಯಿತು? ಚುನಾವಣೆ ಘೋಷಣೆಗೆ ಮುಂಚೆ ಹೇಗಾದರೂ ಅಡಿಗಲ್ಲು ಹಾಕಿಬಿಡಬೇಕು ಅಂತ ನಿಮ್ಮ ಕಚೇರಿಯವರಿಗೆ ಬಾಲಕ್ಕೆ ಬೆಂಕಿ ಬಿದ್ದಂತಾಗಿತ್ತು. ಮೂರು ದಿನ ಮೊದಲು ಹೇಳಿದಿರಿ. ಮೂರು ದಿನದಲ್ಲಿ ಹೊಸ ಕಲ್ಲು ಬರುವುದಿಲ್ಲ, ಅಪ್ಪ ಕೆತ್ತಿದ ಹಳೇ ಕಲ್ಲಿದೆ, ತಿರುಗಿಸಿ ಕೆತ್ತಲೇ ಅಂತ ನಾನೇ ನಿನ್ನನ್ನು ಕೇಳಿದೆ. ನೀನು ಏನಂದೆ, ನೆನಪಿದೆಯೇ? "ಯಾವ್ದೋ ಒಂದು ಹಾಕಮ್ಮ, ಹಿಂದೆ ಏನಿದೆ ಅಂತ ಯಾರು ನೋಡ್ತಾರೆ" ಅಂದೆ. ಕೆತ್ತಲು ಕೂತರೆ ದಿನಕ್ಕೊಂದು ತಿದ್ದುಪಡಿ. ಮೊದಲು "ಮಾನ್ಯ" ಇತ್ತು, ಸಂಜೆಗೆ "ಜನಪ್ರಿಯ" ಆಯಿತು, ಮರುದಿನ "ಜನನಾಯಕ" ಆಯಿತು. ಕಲ್ಲಿಗೆ ರಬ್ಬರು ಇಲ್ಲ ಮಗನೇ, ಪ್ರತಿ ಸಲವೂ ಆ ಸಾಲನ್ನು ತಳದವರೆಗೆ ಉಜ್ಜಬೇಕು. ಮೂರನೇ ದಿನ ನನಗೆ ಮೈ ಕೆಂಡದಂತೆ ಜ್ವರ. ಹಳೇ ಬದಿಗೆ ಸಿಮೆಂಟು ಬಳಿದಿರಲಿಲ್ಲ. ಗುರುತನ್ನು ಉಳಿಯಿಂದ ಹಾಕುವ ಶಕ್ತಿ ಇಲ್ಲದೆ ಸೀಮೆಸುಣ್ಣದಲ್ಲಿ ಹಾಕಿದೆ. ಹೊಸ ಅಕ್ಷರಕ್ಕೆ ಚಿನ್ನದ ಬಣ್ಣ ಸಂಜೆ ತುಂಬಬೇಕು ಅಂದುಕೊಂಡಿದ್ದೆ, ಮಧ್ಯಾಹ್ನವೇ ನಿಮ್ಮ ವ್ಯಾನು ಬಂತು. ಕಲ್ಲನ್ನು ಗೋಣಿಚೀಲ ಸುತ್ತಿ ಎತ್ತಿಕೊಂಡು ಹೋದರು. ಆ ಗೋಣಿ ದಾರಿಯುದ್ದಕ್ಕೂ ಉಜ್ಜಿ ನನ್ನ ಸೀಮೆಸುಣ್ಣ ಅಳಿಸಿತು. ತಪ್ಪು ಅಂತ ಒಂದಿದ್ದರೆ ಅದು ಅಲ್ಲಿದೆ, ಅದು ನನ್ನದು.

ನಿನ್ನ ಮಾವ ಗೋಣಿ ಬಿಚ್ಚಿ ನೋಡಿದ. ಎರಡೂ ಕಡೆ ಅಕ್ಷರ. ಗುರುತು ಎಲ್ಲೂ ಇಲ್ಲ. ಒಂದು ಬದಿಯ ಅಕ್ಷರದ ಸಂದಿಯಲ್ಲಿ ಚಿನ್ನದ ಬಣ್ಣದ ಚೂರುಪಾರು ಮಿನುಗುತ್ತಿತ್ತು, ಇನ್ನೊಂದು ಬದಿ ಬೋಳು. ಬಣ್ಣ ಇದ್ದ ಬದಿ ಜನಕ್ಕೆ. ಅವನು ರೂಢಿಯಂತೆ ಆ ಬದಿಯನ್ನು ಹೊರಗೆ ಮಾಡಿ ಕೂರಿಸಿದ. ಅಷ್ಟೇ ಆಗಿದ್ದರೆ ಒಂದು ಮಾತು. ಅಕ್ಕನಿಗೆ ಜ್ವರ, ಪಾಪ, ಬಣ್ಣ ಸರಿಯಾಗಿ ತುಂಬಲಾಗಿಲ್ಲ ಅಂತ ತಾನೇ ಸಣ್ಣ ಕುಂಚ ಹಿಡಿದು ಕೂತು, ನಿನ್ನ ಅಪ್ಪ ಹದಿನೈದು ವರ್ಷದ ಹಿಂದೆ ಕೆತ್ತಿದ ಒಂದೊಂದು ಅಕ್ಷರಕ್ಕೂ ಹೊಸ ಚಿನ್ನದ ಬಣ್ಣ ತುಂಬಿದ. ಒಂದು ಹನಿ ಆಚೆ ಈಚೆ ಚೆಲ್ಲಿರಲಿಲ್ಲವಂತೆ. ಅವನಿಗೆ ಅದು ಚಿತ್ತಾರ. ನಿನಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಯಾಕೆಂದು ಮುಂದೆ ಬರೆಯುತ್ತೇನೆ.

ಸಮಾರಂಭದ ವಿಡಿಯೋವನ್ನು ನಾನು ಎದುರು ಮನೆಯ ದರ್ಜಿಯ ಫೋನಿನಲ್ಲಿ ನೋಡಿದೆ. ಒಂದಲ್ಲ, ನಾಲ್ಕು ಸಲ ನೋಡಿದೆ. ಸಾಹೇಬರು ಪರದೆ ಎಳೆದರು. ಚಪ್ಪಾಳೆ. ವೇದಿಕೆ ಮೇಲೆ ಒಂಬತ್ತು ಜನ, ಎಣಿಸಿದ್ದೇನೆ. ಇಬ್ಬರು ವಕೀಲರು, ಒಬ್ಬರು ಕಾಲೇಜಿನ ನಿವೃತ್ತ ಪ್ರಿನ್ಸಿಪಾಲರು, ಒಬ್ಬ ಇಂಜಿನಿಯರು. ಒಂಬತ್ತು ಜನವೂ ಕಲ್ಲಿಗೆ ಬೆನ್ನು ಮಾಡಿ ಕ್ಯಾಮೆರಾಗೆ ಹಲ್ಲು ಕಿರಿದರು. ಆಮೇಲೆ ಸಾಹೇಬರು ಮೈಕು ಹಿಡಿದು, "ನಾನು ಗಾಳಿಯಲ್ಲಿ ಮಾತಾಡುವವನಲ್ಲ, ಕೊಟ್ಟ ಮಾತನ್ನು ಕಲ್ಲಿನಲ್ಲಿ ಬರೆಸುವವನು, ನೋಡಿಕೊಳ್ಳಿ" ಅಂತ ಕಲ್ಲನ್ನು ಅಂಗೈಯಿಂದ ತಟ್ಟಿದರು. ಆ ಮಾತು ನೀನು ಬರೆದುಕೊಟ್ಟದ್ದು, ನಿನ್ನ ಧಾಟಿ ನನಗೆ ಗೊತ್ತಾಗುತ್ತದೆ. ಅವರ ಅಂಗೈ ಬಿದ್ದದ್ದು ಸರಿಯಾಗಿ ಹದಿನೈದು ವರ್ಷದ ಹಿಂದಿನ ತಾರೀಕಿನ ಮೇಲೆ. ಹಸಿ ಬಣ್ಣ ಕೈಗೆ ಮೆತ್ತಿತು, ಕರವಸ್ತ್ರದಲ್ಲಿ ಒರೆಸಿಕೊಂಡರು, ಆಗಲೂ ಏನು ಮೆತ್ತಿತು ಅಂತ ತಿರುಗಿ ನೋಡಲಿಲ್ಲ. ಇವರ ಕೈಗೆ ಊರು ಕೊಡುತ್ತೇವಲ್ಲ, ನಮ್ಮ ಬುದ್ಧಿಗಿಷ್ಟು. ನೀನು ಅವರ ಎಡಗಡೆ, ಕಲ್ಲಿಗೆ ಒಂದು ಮೊಳ ದೂರದಲ್ಲಿ ನಿಂತಿದ್ದೆ. ನಿನ್ನ ಅಪ್ಪನ ಕೈಬರಹ ಅದು. ಹೆತ್ತವರ ಕೈಬರಹ ಎದುರಿಗಿದ್ದರೂ ನೀನು ಮುಂದಿನ ಭಾಷಣದ ಹಾಳೆ ತಿರುವುತ್ತಿದ್ದೆ.

ಓದಿದ್ದು ಕೊನೆಗೆ ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ದೋಣಿ ಇಳಿದು ಬಂದವಳು, ಸೊಂಟದ ತನಕ ಒದ್ದೆ. ತಾರೀಕು ನೋಡಿದಳು, ಹನ್ನೆರಡು ತಿಂಗಳು ಅನ್ನುವುದನ್ನು ನೋಡಿದಳು, ಬೆರಳು ಮಡಚಿ ಲೆಕ್ಕ ಹಾಕಿದಳು, ಗಟ್ಟಿಯಾಗಿ ಓದಿ ಹೇಳಿದಳು. ಸಂಜೆಯ ಹೊತ್ತಿಗೆ ಆ ಫೋಟೋ ಊರಿನ ಎಲ್ಲರ ಫೋನಿನಲ್ಲೂ ಇತ್ತು. ಇದರಲ್ಲಿ ಒಂದು ತಮಾಷೆ ನಿನಗೆ ಹೇಳುತ್ತೇನೆ. ಕಲ್ಲಿನ ಹೊಸ ಬದಿಯಲ್ಲೂ ಅದೇ ಸೇತುವೆ, ಅದೇ ಹೆಸರು, ಅದೇ ಹನ್ನೆರಡು ತಿಂಗಳು. ತಾರೀಕು ಮತ್ತು ಆ ಹಾಳು "ಜನನಾಯಕ" ಬಿಟ್ಟರೆ ವ್ಯತ್ಯಾಸವೇ ಇಲ್ಲ. ಸರಿಯಾದ ಬದಿಯನ್ನೇ ಕೂರಿಸಿದ್ದರೂ ಜನ ನೋಡುತ್ತಿದ್ದದ್ದು ಇದೇ ಸುಳ್ಳನ್ನು.

ಅರ್ಧ ವಿವೇಕ ಇದ್ದವನಾದರೆ ಏನು ಮಾಡುತ್ತಿದ್ದ? "ಹೌದಪ್ಪ, ಆಗ ಆಗಲಿಲ್ಲ, ತಪ್ಪಾಯ್ತು" ಅನ್ನುತ್ತಿದ್ದ. ನಮ್ಮ ಜನ ಎಂಥವರು ಅಂದರೆ ಅಷ್ಟಕ್ಕೇ ಕರಗಿ ಇನ್ನೊಂದು ಸಲ ಓಟು ಹಾಕುತ್ತಿದ್ದರು. ನಿಮ್ಮವರಿಗೆ ಅದು ಹೊಳೆಯಲಿಲ್ಲ. ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿತಂತೆ. ಪಿತೂರಿ ಅಂದರು, ಎದುರು ಪಕ್ಷದವರ ಕೈವಾಡ ಅಂದರು, ಗಾರೆ ಕೆಲಸದವನನ್ನು ಅಮಾನತು ಮಾಡಿಸಿದರು. ಬೆಳಗಾಗುವುದರೊಳಗೆ ಹಾರೆ ಹಾಕಿ ಕಲ್ಲನ್ನು ಕಿತ್ತು ಎರಡು ತುಂಡು ಮಾಡಿ ಹೊಳೆದಂಡೆಗೆ ಎಸೆದರು. ದೊಡ್ಡ ತುಂಡನ್ನು ನಮ್ಮ ಅಂಗಡಿಗೆ ಕಲ್ಲು ಸಾಗಿಸುವ ಗಾಡಿಯವನು ನನಗೆ ತಂದುಕೊಟ್ಟ. ಈ ಪತ್ರವನ್ನು ಅದರ ಮೇಲೆಯೇ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಪ್ಪನ ಬದಿ ಮೇಲಿದೆ.

ಇನ್ನು ಕನ್ನಡಕದವರು ಏನು ಕಡಿಮೆಯೇ? ಭಾನುವಾರ ನಿನ್ನ ಮಾವನ ಮನೆಗೆ ಎಂಟು ಜನರ ದಂಡು ಕಟ್ಟಿಕೊಂಡು ಬಂದರು. ನಾನೂ ಅಲ್ಲೇ ಇದ್ದೆ. ನೀವು ಸತ್ಯವನ್ನು ಜನರ ಮುಂದಿಟ್ಟ ಧೀರರು, ನಮ್ಮ ಸಭೆಯಲ್ಲಿ ನಿಮಗೆ ಸನ್ಮಾನ, ವೇದಿಕೆ ಮೇಲೆ ಬಂದು ಬೇಕಂತಲೇ ಮಾಡಿದೆ ಅಂತ ಒಂದು ಮಾತು ಹೇಳಿ ಸಾಕು ಅಂದರು. ಅವನು ಪಾಪ, "ನಾನು ಬೇಕಂತ ಮಾಡಿಲ್ಲ ಸ್ವಾಮಿ, ಗೊತ್ತಾಗದೆ ಆಗಿದ್ದು" ಅಂದ. ಕನ್ನಡಕದವರು ಬಹಳ ತಾಳ್ಮೆಯಿಂದ, "ಆಗಿದ್ದು ಹೇಗಾದ್ರೂ ಇರಲಿ, ನೀವು ಹೇಳಬೇಕಾದ್ದು ಹೀಗೆ" ಅಂದರು. ನಾನು ಒಳಗಿಂದ ಬಂದು, ನಿಮ್ಮ ಅಡಿಗಲ್ಲೂ ನಮ್ಮಲ್ಲೇ ಕೆತ್ತಿದ್ದು, ಅದರಲ್ಲಿ ಹದಿನೆಂಟು ತಿಂಗಳು ಅಂತಿದೆ, ಅದಕ್ಕೂ ಬಣ್ಣ ತುಂಬಿಸಿಕೊಡಲೇ ಅಂತ ಕೇಳಿದೆ. ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಹೋದರು. ನೋಡು ಹೇಗಿದೆ. ಒಬ್ಬರು ಬೇಕಂತಲೇ ಮಾಡಿದ ಅಂತ ಕತ್ತು ಹಿಡಿದು ದೂಡಬೇಕು, ಇನ್ನೊಬ್ಬರು ಬೇಕಂತಲೇ ಮಾಡಿದ ಅಂತ ಹಾರ ಹಾಕಬೇಕು. ಇಬ್ಬರಿಗೂ ಬೇಕಾಗಿರುವುದು ಒಂದೇ ಸುಳ್ಳು. ಗೊತ್ತಾಗದೆ ಆಯಿತು ಅನ್ನುವ ನಿಜ ಯಾರಿಗೂ ಬೇಡ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಆ ಕೂಸಿಗೆ ಐವತ್ತೆಂಟು ವರ್ಷ.

ಇಷ್ಟನ್ನೂ ನಾನು ಉಗಿದು ಸುಮ್ಮನಾಗುತ್ತಿದ್ದೆ. ರಾಜಕೀಯದವರ ಮೇಲೆ ಕೋಪ ಮಾಡಿಕೊಂಡು ಯಾರ ಹೊಟ್ಟೆ ತುಂಬಿದೆ? ಆದರೆ ನಿನ್ನೆ ನಿನ್ನ ಮಾವ ನಗರಸಭೆಯಿಂದ ಬಂದ ಲಕೋಟೆಯನ್ನು ಒಡೆಯದೆ ಹಿಡಿದುಕೊಂಡು ಬಂದು ನನ್ನೆದುರು ಕೂತ. ಯಾವ ಕಾಗದ ಬಂದರೂ ಅವನು ನನ್ನ ಹತ್ತಿರವೇ ತರುವುದು ನಿನಗೆ ಗೊತ್ತು. ಒಡೆದೆ. ದೂರಿನ ಪ್ರತಿ. "ಸದರಿ ನೌಕರನು ಕಲ್ಲಿನ ಎರಡೂ ಮುಖಗಳನ್ನು ಓದಿ ಅರ್ಥೈಸಿಕೊಂಡು, ದುರುದ್ದೇಶದಿಂದಲೇ" ಅಂತ ಎರಡು ಪುಟ. ಕೆಳಗೆ ದೂರುದಾರನ ಸಹಿ, ನಿನ್ನದು.

ಓದಿ ಅರ್ಥೈಸಿಕೊಂಡು ಅಂತ ಬರೆಯುವಾಗ ನಿನ್ನ ಕೈ ಹೇಗೆ ಓಡಿತು ಮಗನೇ? ಅವನಿಗೆ ಓದಲು ಬರುವುದಿಲ್ಲ ಅನ್ನುವುದು ಈ ಭೂಮಿಯ ಮೇಲೆ ಮೂರು ಜನಕ್ಕೆ ಗೊತ್ತು. ಅವನಿಗೆ, ನನಗೆ, ನಿನಗೆ. ಹತ್ತು ವರ್ಷಕ್ಕೇ ಕಲ್ಲು ಹೊರಲು ನಿಂತವನು ಶಾಲೆಯ ಮೆಟ್ಟಿಲು ಹತ್ತಿದ್ದು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಡಲು ಹೋದಾಗಲೇ. ನಗರಸಭೆಗೆ ಸೇರುವಾಗ ನಾಲ್ಕನೇ ಕ್ಲಾಸು ಓದಿದ್ದಾನೆ ಅಂತ ಅರ್ಜಿ ತುಂಬಿದವಳು ನಾನೇ. ಅದು ಸುಳ್ಳು. ಆ ಸುಳ್ಳಿಗೆ ಇಪ್ಪತ್ತಾರು ವರ್ಷ ಅವನು ಹೆದರಿಕೊಂಡೇ ಬದುಕಿದ. ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರೆ ಗುಟ್ಟು ಬಯಲಾಗುತ್ತದೆ ಅಂತ ಅವನು ಅಳುವ ಹಾಗಾದಾಗ, ಮೂರನೇ ಕ್ಲಾಸಿನ ನೀನು ಒಂದು ತಿಂಗಳು ಸ್ಲೇಟು ಹಿಡಿದು ಅವನಿಗೆ ಸಹಿ ಹಾಕಲು ಕಲಿಸಿದೆ. ಇಂದಿಗೂ ಅವನು ಸಹಿ ಬರೆಯುವುದಿಲ್ಲ, ನೀನು ತೋರಿಸಿದ ಹಾಗೆ ಚಿತ್ರ ಬಿಡಿಸುತ್ತಾನೆ. ಅಂಥವನು ಓದಿ ಅರ್ಥೈಸಿಕೊಂಡ ಅಂತ ನೀನು ಬರೆದೆ. ಸಾಹೇಬರು ಗೆದ್ದರೆ ಅವರ ಕಚೇರಿಯಲ್ಲಿ ನಿನಗೆ ಖಾಯಂ ಕುರ್ಚಿ ಅಂತ ಹೇಳಿದ್ದಾರಂತೆ. ಆ ಬಾಯಿಂದ ಬರುವ ಮಾತಿಗೆ ಎಷ್ಟು ಬೆಲೆ ಅಂತ ನಾಲ್ಕು ಅಡಿಗಲ್ಲು ನೋಡಿದವನಿಗೆ ನಾನು ಹೇಳಬೇಕೇ? ಮಾಡೋಣ ಸಾಹೇಬರ ಮೇಲೆ ನನಗೆ ಅಸಹ್ಯ ಇದೆ, ಕೋಪ ಇಲ್ಲ. ಅವರು ಯಾವತ್ತೂ ಹಾಗೇ. ಕೋಪ ಇರುವುದು ನಿನ್ನ ಮೇಲೆ.

ನಿನ್ನ ಕಾಗದವನ್ನು ಸಹಿ ಇಲ್ಲದೆ ವಾಪಸು ಕಳಿಸುತ್ತಿದ್ದೇನೆ, ಹಳದಿ ಚೀಟಿಯ ಸಮೇತ. ಸೀಮೆಸುಣ್ಣದ ಗುರುತಿನ ವಿಷಯ ನಾನೇ ವಿಚಾರಣೆಯಲ್ಲಿ ಹೇಳುತ್ತೇನೆ. ಅಕ್ಕ ತಮ್ಮನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಾರೆ, ಅನ್ನಲಿ. ದೂರು ವಾಪಸು ತೆಗೆದುಕೊಂಡರೆ ವಿಚಾರಣೆಯೇ ಇಲ್ಲ ಅಂತ ನಗರಸಭೆಯ ಗುಮಾಸ್ತರು ಹೇಳಿದರು. ಸಹಿ ಮಾಡಿದವನೇ ಒಂದು ಸಾಲು ಬರೆದುಕೊಟ್ಟರೆ ಸಾಕಂತೆ. ಹನ್ನೆರಡು ತಿಂಗಳು ಬೇಕಾಗಿಲ್ಲ, ಎರಡು ನಿಮಿಷದ ಕೆಲಸ. ನಿನ್ನ ಕೋಣೆ ಗುಡಿಸಿದ್ದೇನೆ, ನೀಲಿ ಅಂಗಿಗೆ ಗುಂಡಿ ಹಾಕಿಟ್ಟಿದ್ದೇನೆ. ದರ್ಜಿ ನಿನ್ನನ್ನು ಕೇಳಿದ, ಚೆನ್ನಾಗಿದ್ದಾನೆ ಅಂದೆ. ಎಲ್ಲಿದ್ದರೂ ಚೆನ್ನಾಗಿರು, ಮಗನೇ. ನಿನ್ನ ಅಪ್ಪ ಕೆತ್ತಿದ ಅಕ್ಷರದಷ್ಟು ನೆಟ್ಟಗೆ ನಿಲ್ಲುವ ಬುದ್ಧಿ ನಿನಗೆ ಬರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಮಾವ ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಅವನು ದೂರು ಓದಿ ಹೇಳು ಅಂದಾಗ ನಾನು ಪೂರ್ತಿ ಓದಿ ಹೇಳಲಿಲ್ಲ. ಸೋಮವಾರ ಹತ್ತು ಗಂಟೆಗೆ ಬರಬೇಕಂತೆ ಅಂತಷ್ಟೇ ಹೇಳಿದ್ದೆ. "ಇಷ್ಟುದ್ದದ ಕಾಗದದಲ್ಲಿ ಅಷ್ಟೇನಾ ಅಕ್ಕ ಬರೆದಿರೋದು?" ಅಂತ ಕೇಳಿ ಹೋಗಿದ್ದ. ಇವತ್ತು ಬೆಳಿಗ್ಗೆ ತಾನೇ ಹೋಗಿ ಗುಮಾಸ್ತರ ಮುಂದೆ, ನನಗೆ ಓದು ಬರಲ್ಲ ಅಂತ ಒಪ್ಪಿಕೊಂಡು ಬಂದಿದ್ದಾನೆ. "ಮೋಸಗಾರ ಅನ್ನಿಸಿಕೊಳ್ಳೋದಕ್ಕಿಂತ ದಡ್ಡ ಅನ್ನಿಸಿಕೊಳ್ಳೋದು ವಾಸಿ ಅಕ್ಕ" ಅಂದ. ಅರ್ಜಿಯ ಸುಳ್ಳಿಗೆ ಕೆಲಸ ಹೋಗಬಹುದು ಅಂತ ಅವನಿಗೂ ಗೊತ್ತು. ಓದು ಬಾರದವರಿಗೆ ಮನೆಯವರೊಬ್ಬರು ವಿಚಾರಣೆಯಲ್ಲಿ ದೂರನ್ನು ಎಲ್ಲರೆದುರು ಓದಿ ಹೇಳಬೇಕಂತೆ. ಯಾರ ಹೆಸರು ಬರೆದುಕೊಳ್ಳಲಿ ಅಂತ ಗುಮಾಸ್ತರು ಕೇಳಿದ್ದಕ್ಕೆ ಅವನು ನಿನ್ನ ಹೆಸರು ಕೊಟ್ಟಿದ್ದಾನೆ. "ಅವನೇ ಓದಲಿ, ಅವನು ಓದಿದ್ರೆ ನಂಗೆ ಸರಿಯಾಗಿ ಅರ್ಥ ಆಗುತ್ತೆ" ಅಂದ. ದೂರು ಬರೆದವರು ಯಾರು ಅಂತ ಅವನಿಗೆ ಗೊತ್ತಿಲ್ಲ. ಗುಮಾಸ್ತರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಸೋಮವಾರ ಹತ್ತು ಗಂಟೆ, ಮಹಡಿಯ ಸಭಾಂಗಣ. ಉಪ್ಪುನೀರು ಮುಕ್ಕಳಿಸಿಕೊಂಡು ಬಾ. ಸುತ್ತಿಗೆ ಸದ್ದಿಗೆ ಅವನ ಎಡಗಿವಿ ಮಂದವಾಗಿದೆ, ಬಲಗಡೆ ನಿಂತು ಗಟ್ಟಿಯಾಗಿ ಓದಬೇಕು.